ಎಣ್ಣೆಯೊಳಗೆ ಮೊದಲ ಹರಳು ಮೂಡುವುದು ಯಾವಾಗ?

ರಾಜಸ್ಥಾನದ ಬಾರ್ಮೇರ್ ಜಿಲ್ಲೆಯಲ್ಲಿ 2004ರ ಜನವರಿಯಲ್ಲಿ ಪತ್ತೆಯಾದ ತೈಲ ನಿಕ್ಷೇಪದ ಹೆಸರು ಮಂಗಳಾ. 2009ರ ಆಗಸ್ಟ್‌ನಲ್ಲಿ ಅಲ್ಲಿಂದ ಕಚ್ಚಾ ತೈಲ ತೆಗೆಯುವುದು ಆರಂಭವಾಯಿತು. ಭೂಮಿಯ ಒಡಲಲ್ಲಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ದ್ರವವಾಗಿಯೇ ಇರುವ ಈ ಎಣ್ಣೆ ಮೇಲೆ ಬಂದು ಕೆಲವೇ ಡಿಗ್ರಿ ತಣಿದರೂ ಸಾಕು, ಅದರೊಳಗೆ ಮೇಣದ ಹರಳುಗಳು ಮೂಡತೊಡಗುತ್ತವೆ. 40 ಡಿಗ್ರಿಯ ಆಸುಪಾಸಿಗೆ ಇಳಿಯುವ ಹೊತ್ತಿಗೆ ಅದು ಹರಿಯುವುದನ್ನೇ ನಿಲ್ಲಿಸುತ್ತದೆ. ಮರುಭೂಮಿಯ ಬೇಸಿಗೆಯ ಕೆಲವು ಮಧ್ಯಾಹ್ನಗಳನ್ನು ಬಿಟ್ಟರೆ ವರ್ಷದ ಉಳಿದ ಕಾಲವೆಲ್ಲ ಆ ಎಣ್ಣೆ ಪೀಪಾಯಿಯಲ್ಲಿ ಬೂಟಿನ ಪಾಲಿಶ್‌ನಂಥ ಕಪ್ಪು ಮುದ್ದೆ.

ಅಂಥ ಎಣ್ಣೆಯನ್ನು ಗುಜರಾತಿನ ಕರಾವಳಿಗೆ ಸಾಗಿಸಲು ಸುಮಾರು 670 ಕಿಲೋಮೀಟರ್ ಉದ್ದದ, 24 ಅಂಗುಲ ವ್ಯಾಸದ ಕೊಳವೆಮಾರ್ಗ ಹಾಕಿದರು. ಆ ಕೊಳವೆಗೆ ಉದ್ದಕ್ಕೂ ಶಾಖ ಸೋರದಂತೆ ಹೊದಿಕೆ ಇದೆ, ಉದ್ದಕ್ಕೂ ವಿದ್ಯುತ್ತಿನಿಂದ ಬಿಸಿ ಮಾಡುವ ವ್ಯವಸ್ಥೆ ಇದೆ. ಎಣ್ಣೆ 65 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಕಾಯುತ್ತಾರೆ. ಹಾಕಿದ ಕಾಲಕ್ಕೆ, ಜಗತ್ತಿನಲ್ಲಿ ಹೀಗೆ ಒಂದೇ ಸಮನೆ ಬಿಸಿಯಾಗಿ ಇಡುವ ಕೊಳವೆಗಳಲ್ಲಿ ಅತಿ ಉದ್ದವಾದದ್ದು ಇದಾಗಿತ್ತು. ಆರಂಭದಲ್ಲಿ ಈ ಎಣ್ಣೆಯನ್ನು ಕೊಳ್ಳಲು ಕೇಂದ್ರ ಸರ್ಕಾರ ಗೊತ್ತುಮಾಡಿದ್ದ ಸಂಸ್ಥೆಗಳಲ್ಲಿ ಮಂಗಳೂರಿನ ತೈಲ ಶುದ್ಧೀಕರಣ ಸಂಸ್ಥೆ ಎಂಆರ್‌ಪಿಎಲ್ ಕೂಡ ಒಂದಾಗಿತ್ತು. ಮಂಗಳಾದ ಎಣ್ಣೆ ಮಂಗಳೂರಿಗೆ!

ಇಷ್ಟು ದೊಡ್ಡ ಖರ್ಚಿಗೆ ಕೈಹಾಕುವ ಮೊದಲು ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಒಂದಿದೆ. ಮೇಣ ಯಾವ ತಾಪದಲ್ಲಿ ಮೂಡುತ್ತದೆ? ಎಷ್ಟು ಮೂಡುತ್ತದೆ? ಪ್ರಯೋಗಾಲಯದಲ್ಲಿ ಒಂದು ಶೀಷೆ ಎಣ್ಣೆಯನ್ನು ತಣಿಸಿ ನೋಡಬಹುದು, ನಿಜ. ಆದರೆ ಬಾವಿಯ ಆಳದಲ್ಲಿ, ನೂರಾರು ಪಟ್ಟು ವಾಯುಭಾರದ ಒತ್ತಡದಲ್ಲಿ, ಅನಿಲ ಕರಗಿರುವ ಎಣ್ಣೆ ಹೇಗೆ ವರ್ತಿಸುತ್ತದೆ ಎಂಬುದನ್ನು ಶೀಷೆ ಹೇಳುವುದಿಲ್ಲ. ಅದನ್ನು ಲೆಕ್ಕ ಹಾಕಿ ಹೇಳುವ ವಿದ್ಯೆಯೇ ಥರ್ಮೋಡೈನಮಿಕ್ಸ್, ಅಂದರೆ ಉಷ್ಣಗತಿವಿಜ್ಞಾನ. ಈ ಲೆಕ್ಕದ ಒಳಗುಟ್ಟು ಸುಂದರವಾಗಿದೆ. ಅದನ್ನು ಸೂತ್ರಗಳಿಲ್ಲದೆ ಹೇಳಲು ಸಾಧ್ಯವಿದೆ ಎಂದು ನಾನು ನಂಬಿದ್ದೇನೆ.

ತುಪ್ಪದ ಭರಣಿ

ಚೆನ್ನಾಗಿ ಕಾಯಿಸಿದ ತುಪ್ಪವನ್ನು ಭರಣಿಗೆ ಸುರಿದು ಅಲುಗಾಡಿಸದೆ ಬಿಡಿ. ಮಾರನೆಯ ದಿನ ಅದು ಪೂರ್ತಿ ಗಟ್ಟಿಯೂ ಅಲ್ಲ, ಪೂರ್ತಿ ನೀರೂ ಅಲ್ಲ. ತಳದಲ್ಲಿ ಮರಳು ಮರಳಾದ ಹರಳು, ಮೇಲೆ ಹೊಂಬಣ್ಣದ ತಿಳಿ. ನೀರು ಹೀಗೆ ಮಾಡುವುದಿಲ್ಲ. ಅದಕ್ಕೆ ಸೊನ್ನೆ ಡಿಗ್ರಿ ಎಂಬ ಒಂದೇ ಗಡಿ. ತುಪ್ಪಕ್ಕೆ ಅಂಥ ಒಂದು ಗಡಿ ಇಲ್ಲ, ಏಕೆಂದರೆ ತುಪ್ಪ ಒಂದು ವಸ್ತುವಲ್ಲ. ಹತ್ತಾರು ಬಗೆಯ ಕೊಬ್ಬುಗಳ ಮಿಶ್ರಣ ಅದು. ತಣಿಯುತ್ತ ಹೋದಂತೆ ಒಂದು ಬಗೆ ಮೊದಲು ಗಟ್ಟಿಯಾಗುತ್ತದೆ, ಇನ್ನೊಂದು ಆಮೇಲೆ, ಮತ್ತೊಂದು ಗಟ್ಟಿಯಾಗುವುದೇ ಇಲ್ಲ.

ಕಚ್ಚಾ ತೈಲದ ಮೇಣವೂ ಇದೇ ಜಾತಿಯದು. ತುಪ್ಪದ ಭರಣಿಯ ಮುಂದೆ ನಿಂತು ಕೇಳಬಹುದಾದ ಮೂರು ಪ್ರಶ್ನೆಗಳೇ ತೈಲ ಎಂಜಿನಿಯರನ ಪ್ರಶ್ನೆಗಳೂ ಆಗಿವೆ: ಮೊದಲ ಹರಳು ಯಾವ ತಾಪದಲ್ಲಿ ಹುಟ್ಟಿತು, ಇನ್ನಷ್ಟು ತಣಿದರೆ ಎಷ್ಟು ಪಾಲು ಹರಳಾಗುತ್ತದೆ, ಆ ಹರಳಿನಲ್ಲಿ ಏನೇನಿದೆ. ಮೊದಲನೆಯದಕ್ಕೆ ಉತ್ತರವಾಗಿ ಬರುವ ಅಂಕಿಯನ್ನು ಮೇಣ ಕಾಣಿಸಿಕೊಳ್ಳುವ ತಾಪ ಎನ್ನುತ್ತಾರೆ. ಎಣ್ಣೆ ಹರಿಯುವುದನ್ನು ನಿಲ್ಲಿಸುವ ತಾಪ ಬೇರೆ. ಅದು ಇದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಇವೆರಡನ್ನೂ ಒಂದೇ ಎಂದುಕೊಂಡು ಬರೆಯುವವರು ಇದ್ದಾರೆ. ಹಾಗೆ ಬರೆದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಉದ್ದ ಸರಪಳಿಗಳು

ಮೇಣವಾಗುವ ಅಣುಗಳು ಬಹುಮಟ್ಟಿಗೆ ನೇರ ಸರಪಳಿಯ ಪ್ಯಾರಾಫಿನ್‌ಗಳು. ಇಂಗಾಲದ ಪರಮಾಣುಗಳು ಒಂದರ ಬೆನ್ನಿಗೆ ಒಂದು ಸಾಲುಗಟ್ಟಿ, ಸುತ್ತ ಜಲಜನಕವನ್ನು ಹೊದ್ದುಕೊಂಡಿರುತ್ತವೆ. ಸರಪಳಿ ಉದ್ದವಾದಷ್ಟೂ ಅದು ಕರಗುವ ತಾಪ ಏರುತ್ತದೆ. 16 ಇಂಗಾಲದ ಸರಪಳಿ 18 ಡಿಗ್ರಿಯಲ್ಲಿ ಕರಗುತ್ತದೆ. 20 ಇಂಗಾಲದ್ದು ಸುಮಾರು 37ರಲ್ಲಿ, 30ರದ್ದು 65ರ ಆಸುಪಾಸಿನಲ್ಲಿ, 40ರದ್ದು 81ರ ಹತ್ತಿರ. ಸರಪಳಿಗೆ ನಡುವೆ ಕೊಂಬೆ ಒಡೆದರೆ, ಇಲ್ಲವೇ ಅದು ಉಂಗುರವಾಗಿ ಸುತ್ತಿಕೊಂಡರೆ, ಅಣುಗಳು ಒತ್ತಾಗಿ ಜೋಡಿಕೊಳ್ಳಲಾರವು. ಅಂಥವು ಸಾಮಾನ್ಯವಾಗಿ ಬಹಳ ಕಡಿಮೆ ತಾಪದಲ್ಲೇ ದ್ರವವಾಗಿಬಿಡುತ್ತವೆ. ಹಾಗಾಗಿ ಒಂದೇ ತೂಕದ ಎರಡು ಅಣುಗಳಲ್ಲಿ ಒಂದು ಮೇಣವಾಗಬಹುದು, ಇನ್ನೊಂದು ಆಗದಿರಬಹುದು. ಈ ಭೇದವನ್ನು ಮರೆತ ಲೆಕ್ಕ ಸದಾ ಹೆಚ್ಚು ಮೇಣವನ್ನು ತೋರಿಸುತ್ತದೆ.

ಇಲ್ಲೊಂದು ಪ್ರಶ್ನೆ ಏಳಬೇಕು. 40 ಇಂಗಾಲದ ಸರಪಳಿ 81 ಡಿಗ್ರಿಯಲ್ಲಿ ಕರಗುವುದಾದರೆ, 30 ಡಿಗ್ರಿಯ ಎಣ್ಣೆಯಲ್ಲಿ ಅದು ಕಣ್ಮರೆಯಾಗಿ ಇರುವುದು ಹೇಗೆ? ಉತ್ತರ ನಮ್ಮ ಮನೆಗಳಲ್ಲೇ ಇದೆ. ಮಗುವಿಗೆ ನೆಗಡಿಯಾದಾಗ ಹಿರಿಯರು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕುತ್ತಾರೆ. ಕರ್ಪೂರ ತಾನಾಗಿ ಕರಗಲು 175 ಡಿಗ್ರಿಗೂ ಹೆಚ್ಚು ಬಿಸಿ ಬೇಕು. ಆದರೂ ಉಗುರುಬೆಚ್ಚಗಿನ ಎಣ್ಣೆಯಲ್ಲಿ ಅದು ಮಾಯವಾಗುತ್ತದೆ. ಬೆಂಕಿ ಮಾಡಬೇಕಾದ ಕೆಲಸದಲ್ಲಿ ಒಂದು ಪಾಲನ್ನು ಎಣ್ಣೆ ಮಾಡಿಕೊಟ್ಟಿದೆ.

ಎರಡು ಎಳೆತಗಳು

ಹರಳಿನಲ್ಲಿ ಸೇರಿದ ಅಣುವಿಗೆ ನೆರೆಹೊರೆಯ ಬಿಗಿಯಾದ ಆಸರೆ ಇದೆ. ಅದನ್ನು ಕಿತ್ತು ದ್ರವಕ್ಕೆ ತರಲು ಶಾಖ ತೆರಬೇಕು. ಇದು ಗುಪ್ತೋಷ್ಣ. ದ್ರವದಲ್ಲಿ ಅಣುವಿಗೆ ಬೇರೊಂದು ಆಮಿಷ ಇದೆ: ಸಾವಿರಾರು ಪರಕೀಯ ಅಣುಗಳ ನಡುವೆ ಎಲ್ಲಿ ಬೇಕಾದರೂ ಇರುವ ಸ್ವಾತಂತ್ರ್ಯ, ಅಂದರೆ ಎಂಟ್ರಪಿ. ದ್ರವದಲ್ಲಿ ತನ್ನ ಜಾತಿಯವರು ವಿರಳವಾದಷ್ಟೂ ಈ ಆಮಿಷ ಬಲವಾಗುತ್ತದೆ. ಬಿಸಿ ಇದ್ದಾಗ ಸ್ವಾತಂತ್ರ್ಯದ ಕೈ ಮೇಲು, ತಣಿದಾಗ ಆಸರೆಯ ಕೈ ಮೇಲು.

1901ರಲ್ಲಿ ಅಮೆರಿಕದ ರಸಾಯನವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ಈ ಎಳೆದಾಟವನ್ನು ಅಳೆಯಲು ಒಂದು ಪರಿಮಾಣವನ್ನು ಕೊಟ್ಟರು. ಅದರ ಹೆಸರು ಫ್ಯುಗಾಸಿಟಿ. ಲ್ಯಾಟಿನ್‌ನಲ್ಲಿ ಓಡಿಹೋಗು ಎಂಬರ್ಥದ ಮಾತಿನಿಂದ ಬಂದದ್ದು. ಒಂದು ವಸ್ತುವಿಗೆ ತಾನಿರುವ ಸ್ಥಿತಿಯಿಂದ ತಪ್ಪಿಸಿಕೊಂಡು ಹೋಗುವ ತವಕ ಎಷ್ಟು ಎಂಬುದರ ಅಳತೆ ಅದು. ದ್ರವದಲ್ಲಿರುವ ಪ್ಯಾರಾಫಿನ್‌ಗೆ ಓಡಿಹೋಗುವ ತವಕ ಹರಳಿನಲ್ಲಿರುವುದಕ್ಕಿಂತ ಹೆಚ್ಚಾದರೆ ಅಣುಗಳು ಹರಳಿನ ಕಡೆಗೆ ಹೊರಡುತ್ತವೆ. ಎರಡೂ ಕಡೆ ತವಕ ಸಮವಾದಾಗ ಸಮತೋಲ. ಮೇಣದ ಲೆಕ್ಕಕ್ಕೆಂದು ಕಟ್ಟಿದ ಗಣಿತದ ಮಾದರಿಗಳೆಲ್ಲ, ಎಷ್ಟೇ ಜಟಿಲವಾಗಿ ಕಂಡರೂ, ಈ ಒಂದು ಸಮತೆಯ ಮೇಲೆ ನಿಂತಿವೆ: ಪ್ರತಿಯೊಂದು ಘಟಕಕ್ಕೂ, ಅಂದರೆ ಮಿಶ್ರಣದ ಪ್ರತಿ ಬಗೆಯ ಅಣುವಿಗೂ, ದ್ರವದ ಫ್ಯುಗಾಸಿಟಿ ಘನದ ಫ್ಯುಗಾಸಿಟಿಗೆ ಸಮ.

ಈ ಸಮತೆಯನ್ನು ಬಿಡಿಸಿದರೆ ಕೈಗೆ ಬರುವುದು ಕರಗುವ ತಾಪ ಮತ್ತು ಗುಪ್ತೋಷ್ಣ ಎರಡೇ ಮುಖ್ಯವಾಗಿರುವ ಒಂದು ಲೆಕ್ಕ. ಸಂಶೋಧಕ ಕೆ. ಡಬ್ಲ್ಯು. ವಾನ್ 1986ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಇವೆರಡನ್ನೂ ಅಣುತೂಕದಿಂದಲೇ ಅಂದಾಜು ಮಾಡುವ ಸರಳ ಸೂತ್ರಗಳಿವೆ. ಅವನ್ನು ಬಳಸಿ ನಾನೇ ಕುಳಿತು ಮಾಡಿದ ಲೆಕ್ಕ ಇದು. ದ್ರವವನ್ನು ಆದರ್ಶ ಎಂದು, ಅಂದರೆ ಅದರ ಅಣುಗಳು ತಮ್ಮವರು ಪರರು ಎಂಬ ಭೇದವಿಲ್ಲದೆ ಬೆರೆಯುತ್ತವೆ ಎಂದು ಭಾವಿಸಿದರೆ, 25 ಡಿಗ್ರಿಯಲ್ಲಿ ಪ್ರತಿ 10,000 ಅಣುಗಳಲ್ಲಿ 20 ಇಂಗಾಲದ ಸರಪಳಿಗಳು ಸುಮಾರು 4,300 ಕರಗಿರಬಲ್ಲವು. 30 ಇಂಗಾಲದವು 175. 40 ಇಂಗಾಲದವು ಐದೋ ಆರೋ. ಸರಪಳಿ ಎರಡು ಪಟ್ಟು ಉದ್ದವಾದರೆ ದ್ರವದಲ್ಲಿ ಸಿಗುವ ಜಾಗ ಸುಮಾರು ಎಂಟುನೂರು ಪಟ್ಟು ಕುಗ್ಗುತ್ತದೆ. ಮೊದಲ ಬಾರಿ ಈ ಅಂಕಿಗಳು ಕಾಗದದ ಮೇಲೆ ಬಂದಾಗ ಎಲ್ಲೋ ದಶಾಂಶ ತಪ್ಪಿರಬೇಕೆಂದು ಮತ್ತೆ ಲೆಕ್ಕ ಹಾಕಿದ್ದೆ. ತಪ್ಪಿರಲಿಲ್ಲ.

ಸಾವಿರದಲ್ಲಿ ಒಬ್ಬ

ಈಗ ಒಂದು ಕಲ್ಪಿತ ಎಣ್ಣೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ 30 ಇಂಗಾಲದ ಸರಪಳಿಗಳು ನೂರಕ್ಕೆ ಎರಡು, 40 ಇಂಗಾಲದವು ಸಾವಿರಕ್ಕೆ ಒಂದು. ಉಳಿದದ್ದು ಎಂದಿಗೂ ಹರಳಾಗದ ತೆಳು ಎಣ್ಣೆ. ತಣಿಸುತ್ತ ಹೋದರೆ ಯಾವುದು ಮೊದಲು ಹೊರಬರುತ್ತದೆ? ಸಂಖ್ಯೆಯಲ್ಲಿ ಇಪ್ಪತ್ತು ಪಟ್ಟು ಹೆಚ್ಚಿರುವ 30 ಇಂಗಾಲದ್ದು ಹರಳಾಗುವುದು ಸುಮಾರು 26 ಡಿಗ್ರಿಯಲ್ಲಿ. ಸಾವಿರದಲ್ಲಿ ಒಂದಾದ 40 ಇಂಗಾಲದ್ದು 29 ಡಿಗ್ರಿಯ ಹೊತ್ತಿಗೇ ಹೊರಬಂದಿರುತ್ತದೆ.

ಮೇಣದ ಮುನ್ಸೂಚನೆಯ ಕಷ್ಟವೆಲ್ಲ ಇಲ್ಲಿದೆ. ಮೊದಲ ಹರಳಿನ ತಾಪವನ್ನು ನಿರ್ಧರಿಸುವುದು ಎಣ್ಣೆಯಲ್ಲಿ ಅತಿ ವಿರಳವಾಗಿರುವ, ಅತಿ ಉದ್ದದ ಅಣುಗಳು. ಅಳೆಯಲು ಅತಿ ಕಷ್ಟವಾದವೂ ಅವೇ. ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರ ಎಣ್ಣೆಯನ್ನು ಬಿಸಿ ಮಾಡಿ, ಸರಪಳಿಗಳನ್ನು ಉದ್ದದ ಪ್ರಕಾರ ಬೇರ್ಪಡಿಸಿ, ಒಂದೊಂದರ ಪ್ರಮಾಣವನ್ನು ಶಿಖರಗಳಾಗಿ ಬರೆಯುತ್ತದೆ. ಬಾಲದ ಕಡೆಗೆ, ಅಂದರೆ ಅತಿ ಉದ್ದದ ಸರಪಳಿಗಳ ಕಡೆಗೆ ಹೋದಂತೆ ಶಿಖರಗಳು ತಗ್ಗಿ ತಗ್ಗಿ ಗೆರೆಯಲ್ಲಿ ಕರಗಿಹೋಗುತ್ತವೆ. ಮೇಲಿನ ಉದಾಹರಣೆಯಲ್ಲಿ ಸಾವಿರಕ್ಕೆ ಒಂದು ಇದ್ದದ್ದನ್ನು ಎರಡು ಸಾವಿರಕ್ಕೆ ಒಂದು ಎಂದು ಓದಿಕೊಂಡರೆ, 40 ಇಂಗಾಲದ ಹರಳು ಮೂಡುವ ತಾಪ ನಾಲ್ಕು ಡಿಗ್ರಿಗೂ ಹೆಚ್ಚು ಕೆಳಗಿಳಿಯುತ್ತದೆ. ಎಷ್ಟು ಮೇಣ ಎಂಬ ಎರಡನೆಯ ಪ್ರಶ್ನೆಯಲ್ಲಿ ಈ ತೊಂದರೆ ಅಷ್ಟಿಲ್ಲ. ಪ್ರಮಾಣವನ್ನು ನಿರ್ಧರಿಸುವುದು ಮಧ್ಯಮ ಉದ್ದದ, ಧಾರಾಳವಾಗಿರುವ ಸರಪಳಿಗಳು. ಅವನ್ನು ಯಂತ್ರ ಚೆನ್ನಾಗಿ ಎಣಿಸುತ್ತದೆ. ಆದ್ದರಿಂದ ಯಾರಾದರೂ ತಮ್ಮ ಮಾದರಿ ಮೊದಲ ಹರಳಿನ ತಾಪವನ್ನು ಅರ್ಧ ಡಿಗ್ರಿಯ ನಿಖರತೆಯಲ್ಲಿ ಹೇಳಿತು ಎಂದರೆ, ಎಣ್ಣೆಯ ಬಾಲವನ್ನು ಹೇಗೆ ಅಳೆದಿರಿ ಎಂದು ನಾನು ಮೊದಲು ಕೇಳುತ್ತೇನೆ.

ಹರಳು ಒಂದೋ, ಹಲವೋ?

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಆಳದ್ದು. ಮೇಲಿನ ಲೆಕ್ಕದಲ್ಲಿ 30ರ ಹರಳು ಬೇರೆ, 40ರ ಹರಳು ಬೇರೆ ಎಂದು ಭಾವಿಸಿದೆವು. ಅವು ಒಂದೇ ಹರಳಿನಲ್ಲಿ ಬೆರೆತರೆ?

ಊದುಬತ್ತಿಯ ಕಟ್ಟನ್ನು ನೆನೆಯಿರಿ. ಒಂದೇ ಉದ್ದದ ಕಡ್ಡಿಗಳು ಅಚ್ಚುಕಟ್ಟಾಗಿ ಕೂರುತ್ತವೆ. ಒಂದೆರಡು ಕಡ್ಡಿ ಸ್ವಲ್ಪ ಉದ್ದ ಇದ್ದರೂ ಕಟ್ಟು ಸೈರಿಸಿಕೊಳ್ಳುತ್ತದೆ. ಅರ್ಧ ಉದ್ದದ ಕಡ್ಡಿಗಳನ್ನು ತುರುಕಿದರೆ ಮಾತ್ರ ಕಟ್ಟು ಸಡಿಲವಾಗುತ್ತದೆ. ಪ್ಯಾರಾಫಿನ್ ಸರಪಳಿಗಳೂ ಹೀಗೆಯೇ. ಅಕ್ಕಪಕ್ಕದ ಉದ್ದದವು ಒಂದೇ ಹರಳಿನಲ್ಲಿ ಬೆರೆಯುತ್ತವೆ, ಉದ್ದದ ಅಂತರ ಹೆಚ್ಚಾದಾಗ ಬೇರೆ ಬೇರೆ ಹರಳುಗಳಾಗಿ ಒಡೆಯುತ್ತವೆ.

ವಾನ್ ಅವರ ಮಾದರಿ ಒಂದು ತುದಿ: ಎಲ್ಲವೂ ಬೆರೆತ ಒಂದೇ ಘನ ದ್ರಾವಣ. ಇನ್ನೊಂದು ತುದಿ 1996ರಲ್ಲಿ ಲಿರಾ-ಗಲಿಯಾನಾ, ಫಿರೂಜಾಬಾದಿ ಮತ್ತು ಪ್ರೌಸ್ನಿಟ್ಜ್ ಮುಂದಿಟ್ಟದ್ದು: ಪ್ರತಿ ಘಟಕವೂ ತನ್ನದೇ ಶುದ್ಧ ಹರಳು, ಒಂದರೊಡನೆ ಒಂದು ಬೆರೆಯುವುದೇ ಇಲ್ಲ. ನಮ್ಮ ಪುಟ್ಟ ಎಣ್ಣೆಗೆ ಎರಡನ್ನೂ ಹಚ್ಚಿ ನೋಡಬಹುದು. ಹರಳುಗಳು ಬೇರೆ ಬೇರೆ ಎಂದರೆ ಮೊದಲ ಹರಳು 29 ಡಿಗ್ರಿಯಲ್ಲಿ. ಆದರ್ಶವಾಗಿ ಬೆರೆಯುತ್ತವೆ ಎಂದರೆ 33ರ ಹತ್ತಿರ, ಏಕೆಂದರೆ ಹರಳಿನೊಳಗೂ ಬೆರೆಯುವ ಸ್ವಾತಂತ್ರ್ಯ ಸಿಕ್ಕಿ ಅಣುಗಳಿಗೆ ಅಲ್ಲಿಗೆ ಹೋಗುವ ಒಲವು ಹೆಚ್ಚುತ್ತದೆ. ಎಣ್ಣೆ ಅದೇ, ಅಂಕಿಗಳು ಅವೇ, ಘನದ ಸ್ವರೂಪದ ಬಗೆಗಿನ ಒಂದು ಊಹೆ ಬದಲಾದದ್ದಕ್ಕೆ ನಾಲ್ಕು ಡಿಗ್ರಿ ವ್ಯತ್ಯಾಸ.

ನಿಜ ಇವೆರಡರ ನಡುವೆ ಇದೆ. ಪೋರ್ಚುಗಲ್‌ನ ಜೊವಾವೊ ಕೌಟಿನ್ಹೊ ಮತ್ತು ಅವರ ಜೊತೆಗಾರರು ಬೆಳೆಸಿದ ಮಾದರಿಗಳು ಆ ನಡುವಿನ ದಾರಿ ಹಿಡಿದಿವೆ. ಸರಪಳಿಗಳ ಉದ್ದದ ವ್ಯತ್ಯಾಸವನ್ನು ನೋಡಿಕೊಂಡು ಹರಳಿನಲ್ಲಿ ಅವು ಎಷ್ಟರ ಮಟ್ಟಿಗೆ ಒಗ್ಗುತ್ತವೆ ಎಂದು ಲೆಕ್ಕ ಹಾಕುವ ಕ್ರಮ ಅದು. ನನಗೆ ಮೆಚ್ಚುಗೆಯಾಗುವುದು ಇದೇ. ಹರಳನ್ನು ಹರಳಿನಂತೆಯೇ ನೋಡುವ ಪ್ರಾಮಾಣಿಕತೆ ಅದರಲ್ಲಿದೆ.

ಒತ್ತಡ ಮತ್ತು ಅನಿಲ

ಬಾವಿಯ ಆಳದಿಂದ ಎಣ್ಣೆ ಮೇಲೇರುವಾಗ ತಾಪವೂ ಒತ್ತಡವೂ ಜೊತೆಯಾಗಿ ಇಳಿಯುತ್ತವೆ. ಒತ್ತಡ ಮಾತ್ರ ಇಳಿದರೆ ಏನಾಗುತ್ತದೆ? ಒತ್ತಡ ಹೆಚ್ಚಿದ್ದಾಗ ಒತ್ತಾದ ಹರಳಿಗೇ ಅನುಕೂಲ. ಆದ್ದರಿಂದ ಒತ್ತಡ ಇಳಿಯುತ್ತ ಬಂದಂತೆ ಮೇಣ ಮೂಡುವ ತಾಪವೂ ಮೊದಲು ಸ್ವಲ್ಪ ಇಳಿಯುತ್ತದೆ. ಆಮೇಲೆ ಒಂದು ಹಂತದಲ್ಲಿ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಕರಗಿದ್ದ ಮೀಥೇನ್, ಈಥೇನ್, ಪ್ರೊಪೇನ್‌ಗಳು ಗುಳ್ಳೆಯಾಗಿ ಹೊರಡುತ್ತವೆ. ಮೇಣವನ್ನು ಕರಗಿಸಿಟ್ಟುಕೊಳ್ಳಲು ನೆರವಾಗುತ್ತಿದ್ದ ಹಗುರ ಅಣುಗಳು ಹೊರಟುಹೋದ ಮೇಲೆ ಉಳಿದ ಎಣ್ಣೆಯಲ್ಲಿ ಉದ್ದ ಸರಪಳಿಗಳ ಸಾಂದ್ರತೆ ಏರುತ್ತದೆ, ಮೇಣ ಮೂಡುವ ತಾಪವೂ ಏರುತ್ತದೆ. ಹಾಗಾಗಿ ಅನಿಲ ಬಿಟ್ಟುಹೋದ ಶೀಷೆಯ ಎಣ್ಣೆಯನ್ನು ಅಳೆದು ಬಾವಿಯೊಳಗಿನ ಎಣ್ಣೆಗೂ ಅದೇ ಅಂಕಿ ಹೇಳಿದರೆ ಅದು ಸಾಮಾನ್ಯವಾಗಿ ಹೆಚ್ಚಿನ ಅಂಕಿಯಾಗುತ್ತದೆ.

ಅನಿಲ, ದ್ರವ, ಘನ ಮೂರನ್ನೂ ಒಟ್ಟಿಗೆ ಹಿಡಿಯಬೇಕಾದ ಕಾರಣ ಕಂಪ್ಯೂಟರ್ ಬೇಕಾಗುತ್ತದೆ. ಅದು ಮಾಡುವ ಕೆಲಸ ತಾಳ್ಮೆಯದು. ಒಂದು ತಾಪ, ಒಂದು ಒತ್ತಡ ಕೊಟ್ಟರೆ, ಪ್ರತಿ ಘಟಕವೂ ಮೂರು ಸ್ಥಿತಿಗಳಲ್ಲಿ ಹೇಗೆ ಹಂಚಿಕೊಂಡಿರಬಹುದೆಂದು ಮೊದಲು ಊಹಿಸುತ್ತದೆ. ಆ ಊಹೆಯಿಂದ ಫ್ಯುಗಾಸಿಟಿಗಳನ್ನು ಲೆಕ್ಕ ಹಾಕುತ್ತದೆ, ಸಮವಾಗದಿದ್ದರೆ ಹಂಚಿಕೆಯನ್ನು ತಿದ್ದುತ್ತದೆ, ಮತ್ತೆ ಲೆಕ್ಕ ಹಾಕುತ್ತದೆ. ಸಮವಾದ ಮೇಲೆ ತಾಪವನ್ನು ಒಂದು ಡಿಗ್ರಿ ಇಳಿಸಿ ಮತ್ತೆ ಮೊದಲಿನಿಂದ. ಕೊನೆಗೆ ಸಿಗುವುದು ಒಂದು ವಕ್ರರೇಖೆ: ಇಷ್ಟು ತಾಪಕ್ಕೆ ಇಷ್ಟು ಮೇಣ.

ಸೂಕ್ಷ್ಮದರ್ಶಕ ಏನು ಹೇಳುತ್ತದೆ

ಲೆಕ್ಕವನ್ನು ಒರೆಗೆ ಹಚ್ಚಲು ಎಣ್ಣೆಯ ತೆಳು ಪದರವನ್ನು ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ನಿಧಾನವಾಗಿ ತಣಿಸುತ್ತಾರೆ. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ, ಒಂದಕ್ಕೊಂದು ಅಡ್ಡಲಾಗಿ ಇಟ್ಟ ಎರಡು ಧ್ರುವಕಗಳ ನಡುವೆ ದ್ರವ ಕಪ್ಪಾಗಿ ಕಾಣುತ್ತದೆ. ಹರಳು ಹುಟ್ಟಿದ ಕ್ಷಣ ಕತ್ತಲಲ್ಲಿ ಬೆಳಕಿನ ಚುಕ್ಕೆಗಳು ಮಿನುಗುತ್ತವೆ. ಹರಳಾಗುವಾಗ ಹೊರಬರುವ ಶಾಖವನ್ನು ಅಳೆಯುವ ಕ್ಯಾಲರಿಮೀಟರ್ ಇನ್ನೊಂದು ಸಾಧನ. ಎಣ್ಣೆಯ ಸ್ನಿಗ್ಧತೆ ಥಟ್ಟನೆ ಏರುವ ತಾಪವನ್ನು ನೋಡುವುದು ಮತ್ತೊಂದು. ಮೂರೂ ಒಂದೇ ಉತ್ತರ ಕೊಡುವುದಿಲ್ಲ. ಸಾಮಾನ್ಯವಾಗಿ ಸೂಕ್ಷ್ಮದರ್ಶಕ ಎಲ್ಲಕ್ಕಿಂತ ಮೇಲಿನ ತಾಪವನ್ನು ಹೇಳುತ್ತದೆ, ಏಕೆಂದರೆ ಬೆರಳೆಣಿಕೆಯ ಹರಳುಗಳೂ ಅದಕ್ಕೆ ಕಾಣುತ್ತವೆ. ಅದೂ ಕೂಡ ನಿಜವಾದ ಸಮತೋಲದ ತಾಪಕ್ಕಿಂತ ಕೆಳಗೇ ಇರುತ್ತದೆ. ತಣಿಯುವಾಗ ಹರಳು ಹುಟ್ಟಲು ಸ್ವಲ್ಪ ಹಿಂದೇಟು ಹಾಕುತ್ತದೆ. ಭರಣಿಯ ತುಪ್ಪ ಹೆಪ್ಪಾಗಬೇಕಾದ ಚಳಿಯಲ್ಲೂ ಒಮ್ಮೊಮ್ಮೆ ಕೆಲವು ಗಂಟೆ ತಿಳಿಯಾಗಿಯೇ ಇರುವುದನ್ನು ನೋಡಿದವರಿಗೆ ಇದು ಗೊತ್ತು.

ಲೆಕ್ಕ ಎಲ್ಲಿಗೆ ನಿಲ್ಲುತ್ತದೆ

ಸಮತೋಲದ ಲೆಕ್ಕ ಎಷ್ಟು ಹರಳು ಎಂದು ಹೇಳುತ್ತದೆ. ಆ ಹರಳು ಯಾವ ಆಕಾರದ್ದು, ಕೊಳವೆಯ ಗೋಡೆಗೆ ಅಂಟುತ್ತದೆಯೇ, ಎಣ್ಣೆಯೊಡನೆ ತೇಲಿ ಹೋಗುತ್ತದೆಯೇ ಎಂದು ಹೇಳುವುದಿಲ್ಲ. ಮೇಣದ ಹರಳುಗಳು ತೆಳು ಹಾಳೆಗಳಂತೆ ಬೆಳೆದು ಒಂದಕ್ಕೊಂದು ತಗಲಿಕೊಂಡರೆ, ತೂಕದಲ್ಲಿ ನೂರಕ್ಕೆ ಎರಡರಷ್ಟಿದ್ದರೂ ಉಳಿದ ತೊಂಬತ್ತೆಂಟು ಪಾಲು ದ್ರವವನ್ನು ಜಾಲದಲ್ಲಿ ಹಿಡಿದು ನಿಲ್ಲಿಸಬಲ್ಲವು.

ಈ ಗುಣವನ್ನೇ ತಿರುಗಿಸಿ ಬಳಸಿಕೊಂಡ ಉದಾಹರಣೆ ಅಸ್ಸಾಮಿನದು. ನಾಹರ್‌ಕಟಿಯಾದಿಂದ ಗುವಾಹಾಟಿಯ ಮೂಲಕ ಬಿಹಾರದ ಬರೌನಿಗೆ ಹಾಕಿದ 1,157 ಕಿಲೋಮೀಟರ್ ಕೊಳವೆ 1960ರ ದಶಕದ ಮೊದಲ ವರ್ಷಗಳಲ್ಲಿ ಕೆಲಸ ಆರಂಭಿಸಿತು. ಅಲ್ಲಿನ ಎಣ್ಣೆಯೂ ಮೇಣದ್ದು. ಕೊಳವೆಯನ್ನೇ ಉದ್ದಕ್ಕೂ ಬಿಸಿ ಮಾಡುವ ಬದಲು, ಎಣ್ಣೆಯನ್ನು ಹೊರಡುವ ಮೊದಲೇ ಸುಮಾರು 90 ಡಿಗ್ರಿಗೆ ಕಾಯಿಸಿ, ಹದವರಿತು ತಣಿಸುತ್ತಿದ್ದರು. ಹಳೆಯ ಹರಳುಗಳೆಲ್ಲ ಕರಗಿಹೋಗಿ, ಹೊಸದಾಗಿ ಮೂಡುವವು ಜಾಲ ಕಟ್ಟಲಾರದ ಒತ್ತಾದ ಗುಂಡು ಹರಳುಗಳಾಗುತ್ತವೆ. ಮೇಣದ ಪ್ರಮಾಣ ಅಷ್ಟೇ, ಆದರೂ ಎಣ್ಣೆ ಹರಿಯುತ್ತದೆ. ತುಪ್ಪವನ್ನು ನಿಧಾನವಾಗಿ ತಣಿಸಿದರೆ ಮರಳು ಮರಳಾಗುತ್ತದೆ, ಬೇಗ ತಣಿಸಿದರೆ ಮೊಸರಿನಂತೆ ನುಣ್ಣಗೆ ಹೆಪ್ಪಾಗುತ್ತದೆ ಎಂದು ಬಲ್ಲವರಿಗೆ ಇದರಲ್ಲಿ ಅಚ್ಚರಿ ಇರಲಾರದು. ಸಮತೋಲದ ವಕ್ರರೇಖೆಗೆ ಮಾತ್ರ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಹಾಗಿದ್ದೂ ಆ ರೇಖೆಯಿಲ್ಲದೆ ಮುಂದಿನ ಯಾವ ಲೆಕ್ಕವೂ ಹೊರಡುವುದಿಲ್ಲ. ಬಾರ್ಮೇರ್ ಕೊಳವೆಯನ್ನೇ ತೆಗೆದುಕೊಳ್ಳಿ. ಅದಕ್ಕೆ ತಾಗಿಕೊಂಡು ಉಕ್ಕಿನ ಸಣ್ಣ ನಳಿಗೆ ಇದೆ, ಅದರೊಳಗೆ ಕೇಬಲ್. ಕೇಬಲಿನಲ್ಲಿ ಹೋದ ಪರ್ಯಾಯ ವಿದ್ಯುತ್ತು ನಳಿಗೆಯ ಒಳಮೈಯ ತೆಳು ಪದರದಲ್ಲಿ ಹಿಂದಿರುಗುವಾಗ ಉಕ್ಕು ಬಿಸಿಯಾಗಿ, ಆ ಶಾಖ ಎಣ್ಣೆಗೆ ದಾಟುತ್ತದೆ. ಡಿಸೆಂಬರಿನ ಒಂದು ರಾತ್ರಿ ಪಂಪು ನಿಂತು, ಒಂದು ತುಂಡಿನಲ್ಲಿ ಈ ಬಿಸಿಯೂ ನಿಂತಿತು ಎಂದುಕೊಳ್ಳಿ. ಎಣ್ಣೆ ಹೊದಿಕೆಯೊಳಗೆ ಗಂಟೆಗಂಟೆಗೂ ತಣಿಯುತ್ತದೆ. ಎಂಜಿನಿಯರ್ ಪರದೆಯ ಮೇಲೆ ಎರಡು ರೇಖೆಗಳನ್ನು ಒಟ್ಟಿಗೆ ನೋಡುತ್ತಾರೆ. ಒಂದು ಗಂಟೆಗೂ ತಾಪಕ್ಕೂ ನಡುವಿನದು, ಇನ್ನೊಂದು ತಾಪಕ್ಕೂ ಮೇಣಕ್ಕೂ ನಡುವಿನದು. ಎರಡನ್ನೂ ಜೋಡಿಸಿದರೆ ಜಾಲ ಕಟ್ಟುವಷ್ಟು ಮೇಣ ಸೇರಲು ಇನ್ನೆಷ್ಟು ಗಂಟೆ ಉಳಿದಿದೆ ಎಂದು ತಿಳಿಯುತ್ತದೆ. ದುರಸ್ತಿಯ ತಂಡ ತಲುಪಿ ಕೆಲಸ ಮುಗಿಸಬೇಕಾದದ್ದು ಅಷ್ಟರೊಳಗೆ.